ಮಡಕೆಯ ನೀರು, ಮೈಯ ಬೆವರು

ನೆರೆಮನೆಯ ಒಂಬತ್ತನೆಯ ತರಗತಿಯ ಹುಡುಗನು ಮನೆಪಾಠದ ಮೂರು ಪ್ರಶ್ನೆಗಳೊಡನೆ ಬಂದನು. ಮಡಕೆಯ ನೀರು ತಣ್ಣಗಿರುವುದೇಕೆ? ನಾವು ಬೆವರುವುದೇಕೆ? ರಾಯಚೂರಿನಷ್ಟು ಬಿಸಿಲಿಲ್ಲದ ಮಂಗಳೂರಿನಲ್ಲಿ ಸೆಕೆ ಅಷ್ಟೊಂದು ಪೀಡಿಸುವುದೇಕೆ? ಭೌತವಿಜ್ಞಾನ, ಜೀವವಿಜ್ಞಾನ, ಭೂಗೋಳ. ಪುಸ್ತಕಗಳು ಮೂರಾದರೂ ಉತ್ತರವೊಂದೇ.

ನೀರು ಆವಿಯಾಗಲು ಉಷ್ಣ ಬೇಕು; ಗ್ರಾಂ ಒಂದಕ್ಕೆ ಸುಮಾರು 580 ಕ್ಯಾಲೊರಿ. ಮಡಕೆಯ ಸೂಕ್ಷ್ಮರಂಧ್ರಗಳಿಂದ ಹೊರಗೆ ಜಿನುಗಿದ ನೀರು ಅದರ ಬಹುಭಾಗವನ್ನು ಒಳಗಿನ ನೀರಿನಿಂದಲೇ ಸೆಳೆದುಕೊಳ್ಳುತ್ತದೆ. 10 ಲೀಟರಿನಲ್ಲಿ 100 ಗ್ರಾಂ ಆರಿದರೆ ಸಾಕು. ಹೊರಗಿನ ಉಷ್ಣವು ಒಳಸೇರದಿದ್ದಲ್ಲಿ, ಉಳಿದ ನೀರು ಸುಮಾರು 6 ಡಿಗ್ರಿ ಸೆಲ್ಸಿಯಸ್ ತಣಿಯುವುದು. ಬೆವರು ಮೈಗೆ ಮಾಡುವ ಉಪಕಾರವೂ ಇದೇ. ಕರಾವಳಿಯ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ಅಲ್ಲಿ ಬೆವರು ಬೇಗ ಆರದೆ ಸುಮ್ಮನೆ ಹರಿದುಹೋಗುತ್ತದೆ.

ಹುಡುಗನ ಮುಖ ಅರಳಲಿಲ್ಲ. “ಗೈಡಿನಲ್ಲಿ ‘ಮಣ್ಣು ಸ್ವಭಾವತಃ ತಂಪು’ ಎಂದಿದೆ ಸಾರ್. ಬೇರೆ ಬರೆದರೆ ಅಂಕ ಕಳೆಯುತ್ತಾರೆ.”

ನ್ಯಾಯವಾದ ಅಂಜಿಕೆಯೇ! ಉಪದೇಶವು ನಮ್ಮಂಥವರಿಗೆ ಸುಲಭ, ಅಂಕ ಹೋಗುವುದು ಅವನದು. ಉಪ್ಪಿನಕಾಯಿಯ ಜಾಡಿಯೂ ಮಣ್ಣಿನದೇ ಅಲ್ಲವೆ? ಆದರೆ ಅದಕ್ಕೆ ಗಾಜಿನಂಥ ಲೇಪವುಂಟು. ಜಾಡಿ, ಮಡಕೆ ಎರಡರಲ್ಲಿಯೂ ನೀರು ತುಂಬಿ ಪಕ್ಕಪಕ್ಕದಲ್ಲಿಡಲು ಹೇಳಿದೆನು. ಮರುದಿನ ಅವನೇ ಓಡಿಬಂದನು. ಜಾಡಿಯ ನೀರು ತಣಿದಿರಲಿಲ್ಲ.

ಈಗ ಎರಡನ್ನೂ ಶಾಲೆಗೆ ಹೊತ್ತೊಯ್ದಿದ್ದಾನೆ. ಅಂಕದ ಸುದ್ದಿ ಇನ್ನೂ ಬಂದಿಲ್ಲ.