ಶಿಬಿರ ಟ್ರೇಲರ್‌ನ ಹೊರಮೈ: ತಗಡೋ, ಫೈಬರೋ?

ಕಾರಿನ ಹಿಂದೆ ಜೋಡಿಸಿಕೊಂಡು ಹೋಗಿ, ರಾತ್ರಿ ಅದರಲ್ಲೇ ಮಲಗಬಹುದಾದ ಪುಟ್ಟ ಶಿಬಿರ ಟ್ರೇಲರನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳಿದ್ದಾರೆ. ಚೌಕಟ್ಟನ್ನು ಬೆಸುಗೆ ಹಾಕಿಸಿಕೊಂಡ ಮೇಲೆ ಹೊದಿಕೆಯ ಪ್ರಶ್ನೆ ಬಂದಾಗ ಅವರು ತಗಡಿನ ವ್ಯಾಪಾರಿಯ ಬಳಿಗೋ ಬಾಡಿ ಕಟ್ಟುವವರ ಬಳಿಗೋ ಬರುವುದು ಸಹಜ. ಅಲ್ಲಿ ಕೊಟ್ಟ ಸಲಹೆ ತಪ್ಪಿದರೆ ಮೊದಲ ಮಳೆಗಾಲದಲ್ಲೇ ನೀರು ಸೋರಿ, ದೂರು ಅಂಗಡಿಯ ಬಾಗಿಲಿಗೆ ಬರುತ್ತದೆ.

ಲೋಹದ ಹೊದಿಕೆಯ ಕೆಲಸ ನಮ್ಮ ನಗರದ ಪೂರ್ವಭಾಗಕ್ಕೆ ಹೊಸತಲ್ಲ. 1940ರಲ್ಲಿ ಆರಂಭವಾದ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಮುಂದೆ ರೈಲು ಬೋಗಿಗಳೂ ತಯಾರಾದವು, 1964ರಲ್ಲಿ ಬಿ.ಇ.ಎಂ.ಎಲ್. ಸ್ಥಾಪನೆಯಾದ ನಂತರ ಆ ವಿಭಾಗ ಅದರ ಪಾಲಿಗೆ ಬಂದಿತು. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ವಾಹನಗಳ ಬಿಡಿಭಾಗಗಳನ್ನು ಹುಡುಕುವವರು ಇಂದಿಗೂ ಇದ್ದಾರೆ. ಕೀಲು, ಬೀಗ, ದೀಪಗಳಿಗೆ ಗುಜರಿ ಸರಿ. ಹೊದಿಕೆಗೆ ಮಾತ್ರ ಹೊಸ ತಗಡೇ ಲೇಸು.

ಮೊದಲು ತೂಕವನ್ನು ನೋಡೋಣ. ಹೊರಮೈ 15 ಚದರ ಮೀಟರ್ ಎಂದಿಟ್ಟುಕೊಂಡರೆ 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಸುಮಾರು 40 ಕಿಲೋ ತೂಗುತ್ತದೆ. 0.8 ಮಿ.ಮೀ.ನ ಜಿ.ಐ. ತಗಡು ಹೆಚ್ಚುಕಡಿಮೆ 94 ಕಿಲೋ. ಸಣ್ಣ ಕಾರು ಎಳೆಯಬೇಕಾದ ಗಾಡಿಗೆ ಈ ಅಂತರ ಅಲ್ಪವಲ್ಲ. ಜಿ.ಐ. ತಗಡಿನ ಬೆಲೆ ಕಡಿಮೆ, ನಿಜ. ಆದರೆ ಕತ್ತರಿಸಿದ ಅಂಚಿನಲ್ಲೂ ರಂಧ್ರಗಳಲ್ಲೂ ಸತುವಿನ ಲೇಪ ಕಡಿದುಹೋಗಿ, ತುಕ್ಕು ಅಲ್ಲಿಂದಲೇ ಆರಂಭವಾಗುತ್ತದೆ.

ಆದ್ದರಿಂದ ಅಲ್ಯೂಮಿನಿಯಂ ಉತ್ತಮವೆಂಬುದು ನಮ್ಮ ಅಭಿಪ್ರಾಯ. ಅದಕ್ಕೂ ಎರಡು ದೋಷಗಳಿವೆ. ಬಿಸಿಲಿಗೆ ಅದು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ: ಎಂಟು ಅಡಿ ಉದ್ದದ ತಗಡು, ಚಳಿಗಾಲದ ಮುಂಜಾವಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ನಡುವೆ 40 ಡಿಗ್ರಿ ಅಂತರವಿದ್ದರೆ, 2 ಮಿ.ಮೀ.ಗೂ ಮೀರಿ ಬೆಳೆಯುತ್ತದೆ. ಕೆಳಗಿನ ಉಕ್ಕಿನ ಚೌಕಟ್ಟು ಅದರರ್ಧ ಮಾತ್ರ. ಎಲ್ಲ ಕಡೆ ಬಿಗಿದು ರಿವೆಟ್ ಹೊಡೆದರೆ ತಗಡು ಅಲೆಯಂತೆ ಉಬ್ಬುತ್ತದೆ. ರಂಧ್ರವನ್ನು ಸ್ವಲ್ಪ ದೊಡ್ಡದಾಗಿಟ್ಟು, ಅಂಚಿನ ಮೇಲೆ ಪಟ್ಟಿ ಹೊದಿಸುವುದು ಕ್ಷೇಮ. ಎರಡನೆಯದು, ಒದ್ದೆಯಾದಾಗ ಉಕ್ಕನ್ನು ನೇರವಾಗಿ ತಾಗಿಕೊಂಡಿರುವ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಚೌಕಟ್ಟಿಗೆ ಪ್ರೈಮರ್ ಬಳಿದು, ನಡುವೆ ಬ್ಯೂಟೈಲ್ ಟೇಪು ಹಾಕಿ, ಅಲ್ಯೂಮಿನಿಯಂ ರಿವೆಟನ್ನೇ ಬಳಸಬೇಕು.

ಫೈಬರ್ ಹೊದಿಕೆ, ಅಂದರೆ ಎಫ್.ಆರ್.ಪಿ., ತುಕ್ಕು ಹಿಡಿಯದು. ಬಾಗಿದ ಛಾವಣಿಗೆ ಅದಕ್ಕೆ ಸಮನಾದುದಿಲ್ಲ. ಆದರೆ ಬಿಸಿಲಿಗೆ ಮೇಲ್ಪದರ ಬಣ್ಣಗೆಟ್ಟು ಸುಣ್ಣದಂತಾಗುತ್ತದೆ. ಮರದ ಮೇಲೆ ಪಾಲಿಯೆಸ್ಟರ್ ರಾಳ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಎಪಾಕ್ಸಿಗೆ ಹೆಚ್ಚು ಹಣ ತೆರಬೇಕಾಗುತ್ತದೆ.

ನಾಮಫಲಕಗಳಿಗೆ ಬಳಸುವ ಎ.ಸಿ.ಪಿ. ಹಲಗೆಗಳನ್ನು ಕೆಲವರು ಸೂಚಿಸುವುದುಂಟು. ನೋಟಕ್ಕೆ ಚೆನ್ನ, ಕೆಲಸವೂ ಬೇಗ. ಆದರೆ ಸಾಮಾನ್ಯ ದರ್ಜೆಯ ಹಲಗೆಯ ನಡುಪದರ ಪಾಲಿಥೀನ್, ಬೆಂಕಿ ತಾಗಿದರೆ ಉರಿಯುವ ವಸ್ತು. ಒಲೆ ಹಚ್ಚಿ ಮಲಗುವ ಜಾಗಕ್ಕೆ ಅದನ್ನು ಮಾರುವ ವ್ಯಾಪಾರಿ ಎರಡು ಬಾರಿ ಯೋಚಿಸಲಿ.

ತಗಡಿನ ಹಿಂದೆ ಪ್ಲೈವುಡ್ ಕೂರಿಸುವುದಾದರೆ ಐ.ಎಸ್. 710 ಮುದ್ರೆಯ ಮೆರೈನ್ ದರ್ಜೆಯದೇ ಆಗಲಿ, ಅದರ ಅಂಚುಗಳಿಗೂ ಬಣ್ಣ ಬಳಿಯಲಿ. ಸಂದುಗಳಿಗೆ ವಿನೆಗರ್ ವಾಸನೆಯ ಸಿಲಿಕೋನ್ ಬೇಡ. ಅದರ ಆಮ್ಲ ಲೋಹವನ್ನು ತಿನ್ನುತ್ತದೆ, ಮೇಲೆ ಬಣ್ಣವೂ ನಿಲ್ಲದು. ಪಾಲಿಯುರೆಥೇನ್ ಸೀಲೆಂಟ್ ಸೂಕ್ತ. ಬೆಂಗಳೂರಿಗೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಾದ್ದರಿಂದ ಆಗಸ್ಟ್‌ನೊಳಗೆ ಸಂದುಗಳನ್ನೊಮ್ಮೆ ಪರೀಕ್ಷಿಸಲು ಗ್ರಾಹಕರಿಗೆ ಬರೆದು ಕೊಡಿ.

ಕಾನೂನಿನ ಮಾತೊಂದು ಉಳಿದಿದೆ. 1988ರ ಮೋಟಾರು ವಾಹನ ಕಾಯಿದೆಯ ವ್ಯಾಖ್ಯೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ನೋಂದಣಿಯಿಲ್ಲದೆ ಅದು ರಸ್ತೆಗಿಳಿಯುವಂತಿಲ್ಲ. ನೋಂದಾಯಿತ ವಾಹನದ ಮೂಲ ವಿವರಗಳನ್ನು ಬದಲಿಸುವುದನ್ನು 52ನೆಯ ಕಲಮು ನಿರ್ಬಂಧಿಸುತ್ತದೆ. ಹೀಗಾಗಿ ತಗಡು ಕತ್ತರಿಸುವ ಮೊದಲೇ ಅಳತೆ ಹಾಗೂ ತೂಕದ ನಕ್ಷೆಯೊಡನೆ ತಮಗೆ ಸಂಬಂಧಿಸಿದ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನು ಲಿಖಿತವಾಗಿ ಪಡೆಯುವಂತೆ ಗ್ರಾಹಕರಿಗೆ ತಿಳಿಸುವುದು ಒಳ್ಳೆಯದು. ಮುಂಗಡ ಪಡೆಯುವುದು ಅದರ ನಂತರವಾಗಲಿ.