ನೋಡುವವರಿಲ್ಲದ ಏರುದಾರಿ

ಸೋಮೇಶ್ವರದಿಂದ ಆಗುಂಬೆಗೆ ಏರುವ ಘಟ್ಟದ ದಾರಿಯಲ್ಲಿ 14 ಕಡಿದಾದ ತಿರುವುಗಳಿವೆ. ಬೈಸಿಕಲ್ಲಿನಲ್ಲಿ ಒಬ್ಬನೇ ಅದನ್ನು ಏರುವವನ ಪೆಡಲನ್ನು ಬೇರೆ ಯಾರೂ ತುಳಿಯಲಾರರು. ಜೀವನು ತಾನೊಬ್ಬನೇ ಕರ್ಮವನ್ನು ಕಟ್ಟಿಕೊಂಡು ತಾನೊಬ್ಬನೇ ಅದರ ಫಲವನ್ನು ಉಣ್ಣುತ್ತಾನೆಂಬ ಏಕತ್ವಾನುಪ್ರೇಕ್ಷೆ ಅಂಥ ಹಾದಿಯಲ್ಲಿ ತಾನಾಗಿಯೇ ನೆನಪಾಗುತ್ತದೆ. ಆದರೆ ಏಕಾಂತದಲ್ಲಿ ಒಂದು ಅಪಾಯವೂ ಇದೆ. ಅಲ್ಲಿ ನೋಡುವವರಿಲ್ಲ, ಸಾಕೆನ್ನುವವರಿಲ್ಲ. ಒಂದು ತಿರುವು ಮುಗಿದೊಡನೆ ಇನ್ನೊಂದರ ಆಸೆ ಹುಟ್ಟುತ್ತದೆ.

ಈ ಆಸೆಯನ್ನು ನಮ್ಮ ಆಚಾರ್ಯರು ಬಲ್ಲವರಾಗಿದ್ದರು. ಶ್ರಾವಕನು ಬೆಟ್ಟ, ನದಿ, ಕಾಡುಗಳನ್ನು ಗುರುತಾಗಿಟ್ಟುಕೊಂಡು ಹತ್ತು ದಿಕ್ಕುಗಳಲ್ಲೂ ತನ್ನ ಸಂಚಾರಕ್ಕೆ ಆಜೀವ ಎಲ್ಲೆ ಹಾಕಿಕೊಳ್ಳುವುದು ದಿಗ್ವ್ರತ. ಅದರೊಳಗೆ ನಿಯತ ಕಾಲಕ್ಕೆ ಮತ್ತೂ ಕಿರಿದಾದ ಎಲ್ಲೆಯನ್ನು ಹಾಕಿಕೊಳ್ಳುವುದು ದೇಶವ್ರತ. ತತ್ತ್ವಾರ್ಥಸೂತ್ರವು ದಿಗ್ವ್ರತಕ್ಕೆ ಹೇಳುವ 5 ಅತಿಚಾರಗಳಲ್ಲಿ ಮೊದಲನೆಯದು ಊರ್ಧ್ವವ್ಯತಿಕ್ರಮ, ಅಂದರೆ ಮೇಲ್ಮುಖವಾಗಿ ಎಲ್ಲೆ ಮೀರುವುದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಪರ್ವತವೇರುವುದನ್ನೇ ಹೆಸರಿಸುತ್ತಾರೆ. ಕೊನೆಯ ಅತಿಚಾರ ಸ್ಮೃತ್ಯಂತರಾಧಾನ, ತಾನೇ ಹಾಕಿಕೊಂಡ ಎಲ್ಲೆಯನ್ನು ಮರೆಯುವುದು.

ನನ್ನ ಬಳಿ ಓದಿದ ಯುವಕನೊಬ್ಬ ಘಟ್ಟದ ಕೆಳಗಿನ ಊರಿನವನು. ತಂದೆ ಇಲ್ಲದ ಮನೆ. ಆತ ರಜಾದಿನಗಳಲ್ಲಿ ಒಬ್ಬನೇ ಸೈಕಲ್ ಏರಿ ಹೊರಡುತ್ತಾನೆ. ಒಮ್ಮೆ ಎಣಿಸಿದ್ದಕ್ಕಿಂತ ಬೇಗನೆ ಆಗುಂಬೆ ತಲುಪಿದನಂತೆ. ಕಾಲಲ್ಲಿ ಕಸುವಿತ್ತು, ಆಕಾಶ ತಿಳಿಯಾಗಿತ್ತು. ಇನ್ನಷ್ಟು ದೂರ ತುಳಿದರೆ, ಕುಂದಕುಂದಾಚಾರ್ಯರ ತಪೋಭೂಮಿಯೆಂದು ಪರಂಪರೆ ನಂಬಿರುವ ಕುಂದಾದ್ರಿ, ಅದರ ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ. ಆದರೂ ಆತ ಹಿಂದಿರುಗಿದ. ಏಕೆಂದು ಕೇಳಿದಾಗ, “ಅಮ್ಮನಿಗೆ ಆಗುಂಬೆಯವರೆಗೆ ಎಂದು ಹೇಳಿ ಬಂದಿದ್ದೆ, ಮೇಷ್ಟ್ರೇ” ಎಂದ.

ತೀರ್ಥದರ್ಶನದ ಪುಣ್ಯವನ್ನು ಆತ ಬಿಟ್ಟುಬಂದನಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಎಲ್ಲೆ ಮೀರಲು ಮನಸ್ಸು ಒಳ್ಳೆಯ ಕಾರಣವನ್ನೇ ಹುಡುಕುತ್ತದೆ. ಶಿಖರದಲ್ಲಿ ಬಸದಿಯಿದ್ದರೆ ಕಾರಣ ಇನ್ನೂ ಸುಲಭ. ಅತ್ತ ತಾಯಿ ಗಡಿಯಾರ ನೋಡುತ್ತ ಕುಳಿತಿರುತ್ತಾಳೆ. ಆಕೆಯ ತಳಮಳಕ್ಕೆ ಕಾರಣವಾಗದಿರುವುದೂ ಅಹಿಂಸೆಯೇ. ಎಲ್ಲೆಯಾಚೆಗಿನ ಸೂಕ್ಷ್ಮ ಪಾಪಗಳೂ ನಿಂತುಹೋಗುವುದರಿಂದ ಅಲ್ಲಿಯ ಮಟ್ಟಿಗೆ ಗೃಹಸ್ಥನ ಅಣುವ್ರತವು ಮಹಾವ್ರತಕ್ಕೆ ಸಮಾನವಾಗುತ್ತದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹೇಳಿದ್ದಾರೆ. ಆತ ತುಳಿಯದೆ ಬಿಟ್ಟ ಆ ದಾರಿಯಲ್ಲಿ ಅವನಿಂದ ಒಂದು ಹುಳುವಿಗೂ ನೋವಾಗಲಿಲ್ಲ.

ಇಂದು ಏರಿದ ಎತ್ತರವನ್ನು ಮೊಬೈಲು ಲೆಕ್ಕವಿಡುತ್ತದೆ. ಎಲ್ಲಿಂದ ಹಿಂದಿರುಗಬೇಕೆಂಬ ಲೆಕ್ಕವನ್ನು ನಾವೇ ಇಡಬೇಕು. ಅದನ್ನು ಹಾಕಬೇಕಾದದ್ದು ಆಸೆ ಕೆರಳಿದ ತಿರುವಿನಲ್ಲಲ್ಲ, ಮನೆಯ ಹೊಸ್ತಿಲಲ್ಲಿ, ಮನೆಯವರ ಎದುರು. ಬೆಟ್ಟವೇರುವವರು ಊರ ಹೆಸರು ಹೇಳಿ ಹೊರಡಲಿ. ವ್ಯಾಪಾರ, ಸಂಪಾದನೆ, ಅಧಿಕಾರಗಳ ಏರುದಾರಿ ಹಿಡಿದವರೂ ತಮ್ಮ ಆಗುಂಬೆ ಯಾವುದೆಂದು ಮೊದಲೇ ಗೊತ್ತುಮಾಡಿಕೊಳ್ಳಲಿ.