ಸೊಸೆಗೆ ಮಾತ್ರ ಹೇಳಿದ ಗುಟ್ಟು

"ಮಗಳಿಗೆ ಕಲಿಸಿದ್ರ ಅಕಿ ಕೊಟ್ಟ ಮನಿಗೆ ವಿದ್ಯಾ ಒಯ್ತಾಳ್ರಿ. ಸೊಸಿ ಹಂಗಲ್ಲ. ಬಂದಾಕಿ ಇಲ್ಲೇ ಇರ್ತಾಳ."

ನವಲಗುಂದದ ಜಮಖಾನ ಗಲ್ಲಿಯಲ್ಲಿ ಮಗ್ಗದ ಮುಂದೆ ಕೂತಿದ್ದ ಹಿರಿಯಾಕೆ ಕೈ ನಿಲ್ಲಿಸದೆ ಹೇಳಿದ ಮಾತಿದು. ನಾನು ಅಲ್ಲಿಗೆ ಹೋದದ್ದೇ ಈ ಒಂದು ಸಂಗತಿಯ ಬೆನ್ನು ಹತ್ತಿ. ರಂಗೋಲಿ, ಕಸೂತಿ, ಬೀಸುವ ಪದ ಎಲ್ಲವೂ ತಾಯಿಯಿಂದ ಮಗಳಿಗೆ ಇಳಿದು ಬಂದ ನಾಡು ನಮ್ಮದು. ಇಲ್ಲಿ ಜಮಖಾನ ನೇಯುವ ವಿದ್ಯೆ ಅತ್ತೆಯಿಂದ ಸೊಸೆಗೆ ಬಂದಿದೆ. ಮನೆಮಗಳು ಅದೇ ಪಡಸಾಲೆಯಲ್ಲಿ ಆಡಿ ಬೆಳೆಯುತ್ತಿದ್ದಳು, ನೂಲಿನ ಉಂಡೆ ಎತ್ತಿಕೊಡುತ್ತಿದ್ದಳು, ಮಗ್ಗದ ಸದ್ದಿಗೇ ನಿದ್ದೆ ಹೋಗುತ್ತಿದ್ದಳು. ನೇಯುವ ಹಲಗೆಯ ಮೇಲೆ ಕೂರುವ ಸರದಿ ಮಾತ್ರ ಅವಳಿಗೆ ಬರುತ್ತಿರಲಿಲ್ಲ. ಎಲ್ಲೋ ಹುಟ್ಟಿ, ಮಗ್ಗವನ್ನೇ ಕಾಣದೆ ಬೆಳೆದ ಹುಡುಗಿ ಮದುವೆಯಾಗಿ ಬಂದರೆ ಅವಳಿಗೆ ಎಳೆ ಎಣಿಸುವುದರಿಂದ ಪಾಠ ಶುರು.

ಮಗ್ಗದ ಮುಂದಿದ್ದ ಈ ಚಾಚಿಯೂ ಹಾಗೆ ಬಂದವರೇ. ಮೊದಮೊದಲು ಅತ್ತೆ ಬರೀ ಅಂಚು ನೇಯಲು ಬಿಡುತ್ತಿದ್ದರಂತೆ. ನವಿಲಿನ ಚಿತ್ತಾರದ ಹತ್ತಿರ ಬಂದಾಗ "ನೀ ಒಲಿ ನೋಡ್ಕೊ, ಹೋಗು" ಎಂದು ಎಬ್ಬಿಸುತ್ತಿದ್ದರಂತೆ. "ಒಂದಿನ ಎಬ್ಬಸ್ಲಿಲ್ರಿ. ಅವತ್ತ ನಾ ಈ ಮನ್ಯಾಕಿ ಆದೆ" ಅಂದರು. ಎಷ್ಟೋ ಹೊತ್ತು ನನಗೆ ಮುಂದಿನ ಪ್ರಶ್ನೆ ಹೊಳೆಯಲಿಲ್ಲ.

ಹುಬ್ಬಳ್ಳಿಯಿಂದ ವಿಜಯಪುರದ ಹಾದಿ ಹಿಡಿದರೆ ಸಿಗುವ ಊರು ನವಲಗುಂದ, ಧಾರವಾಡ ಜಿಲ್ಲೆಯ ಎರೆಭೂಮಿಯ ತಾಲ್ಲೂಕು. 1980ರ ರೈತ ಬಂಡಾಯದಿಂದ, ಹೋಳಿಯ ರಾಮಲಿಂಗ ಕಾಮಣ್ಣನಿಂದ ನಾಡಿಗೆ ಪರಿಚಿತ. ನವಿಲುಗಳಿದ್ದ ಗುಡ್ಡ ಊರಿಗೆ ಹೆಸರು ಕೊಟ್ಟಿತು ಎನ್ನುತ್ತಾರೆ. ವಿಜಾಪುರದ (ಇಂದಿನ ವಿಜಯಪುರ) ಆದಿಲಶಾಹಿಗಳಿಗೂ ವಿಜಯನಗರಕ್ಕೂ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ವಿಜಾಪುರದ ನೇಕಾರ ಕುಟುಂಬಗಳು ನೆಮ್ಮದಿ ಹುಡುಕಿ ಇಲ್ಲಿಗೆ ಬಂದು ನೆಲೆಸಿದವು ಎಂಬುದು ಗಲ್ಲಿಯವರು ಹೇಳುವ ಕಥೆ. ಅವರು ಬಂದಿರಬಹುದಾದ ದಿಕ್ಕಿನಿಂದಲೇ ಇವತ್ತು ವಿಜಯಪುರದ ಬಸ್ಸುಗಳು ಬರುತ್ತವೆ. ಅಷ್ಟು ದೂರದಿಂದ ಕೈಯಲ್ಲಿ ಹೊತ್ತು ತಂದ ಕಸುಬು ಹೊಸ ಊರಿನಲ್ಲಿ ಪರರ ಪಾಲಾಗಬಾರದೆಂಬ ಅಂಜಿಕೆಯಿಂದಲೇ ಮಗಳಿಗೂ ಹೇಳದ ಗುಟ್ಟು ಹುಟ್ಟಿರಬೇಕು.

ಜಮಖಾನವೆಂದರೆ ರತ್ನಗಂಬಳಿಯಲ್ಲ. ರತ್ನಗಂಬಳಿಗೆ ಮೇಲೆ ಮೆತ್ತನೆಯ ಜುಂಗು ಇರುತ್ತದೆ. ಜಮಖಾನ ಹತ್ತಿ ನೂಲಿನ ಚಪ್ಪಟೆ ನೇಯ್ಗೆ. ಎರಡೂ ಮಗ್ಗುಲು ಒಂದೇ ರೀತಿ, ಒಂದು ಕಡೆ ಮಾಸಿದರೆ ತಿರುವಿ ಹಾಸಬಹುದು. ನೂಲಿಗೆ ಬಣ್ಣ ಹಾಕುವುದು, ಒಣಗಿಸುವುದು, ಉಂಡೆ ಸುತ್ತುವುದು ಎಲ್ಲ ಮೊದಲೇ ಮುಗಿದಿರುತ್ತದೆ. ಮಗ್ಗವನ್ನು ಗೋಡೆಯ ಹಾಗೆ ನಿಲ್ಲಿಸಿರುತ್ತಾರೆ. ಮೇಲಿನ ದಿಂಡಿನಿಂದ ಕೆಳಗಿನ ದಿಂಡಿಗೆ ಹಾಸಿನ ಎಳೆಗಳನ್ನು ಬಿಗಿದು, ಹೊಕ್ಕಿನ ಬಣ್ಣದ ನೂಲನ್ನು ಬೆರಳಿನಿಂದಲೇ ಹೊಗಿಸಿ, ಕಬ್ಬಿಣದ ಹಲ್ಲುಗಳ ಪಂಜಾದಿಂದ ಬಡಿದು ಕೂರಿಸುತ್ತಾರೆ. ಹೊಕ್ಕು ಎಷ್ಟು ಒತ್ತಾಗಿ ಕೂರುತ್ತದೆಂದರೆ ಹಾಸು ಕಣ್ಣಿಗೇ ಬೀಳುವುದಿಲ್ಲ.

ನವಲಗುಂದದ ನವಿಲಿಗೆ ದುಂಡು ಕತ್ತಿಲ್ಲ, ಬಾಗಿದ ಗರಿಯಿಲ್ಲ. ಮೈಯೆಲ್ಲ ಮೆಟ್ಟಿಲು ಮೆಟ್ಟಿಲು. ಚೆಂದಕ್ಕೆ ಹೀಗೆ ಮಾಡಿದ್ದಾರೆಂದು ನಾನು ತಿಳಿದಿದ್ದೆ. ಕಾರಣ ನೇಯ್ಗೆಯೊಳಗೇ ಇದೆ. ಎರಡು ಬಣ್ಣ ಸೇರುವ ಗೆರೆ ನೆಟ್ಟಗೆ ಮೇಲೇರುತ್ತಾ ಹೋದರೆ ಆ ಜಾಗದಲ್ಲಿ ಸೀಳು ಬಿಡುತ್ತದೆ. ಎಳೆ ಎಣಿಸುತ್ತಾ ಗೆರೆಯನ್ನು ಅಷ್ಟಷ್ಟೇ ಪಕ್ಕಕ್ಕೆ ಸರಿಸಿಕೊಂಡು ಹೋದರೆ ಬಟ್ಟೆ ಗಟ್ಟಿ ನಿಲ್ಲುತ್ತದೆ, ಹಕ್ಕಿಗೆ ಮೂಲೆಗಳು ಮೂಡುತ್ತವೆ. ನಡುವೆ ಪಗಡೆಯ ಹಾಸನ್ನೇ ನೇಯ್ದ ಜಮಖಾನಗಳೂ ಇವೆ. ನಮಾಜಿಗೆ ಹಾಸುವ ಜಾನಮಾಜ್‌ಗಳನ್ನೂ ಇದೇ ಕೈಗಳು ನೇಯುತ್ತವೆ.

ಅಗಲದ ಜಮಖಾನಕ್ಕೆ ಇಬ್ಬರು ಬೇಕು. ಅತ್ತೆ ಒಂದು ಕಡೆ, ಸೊಸೆ ಇನ್ನೊಂದು ಕಡೆ. ಒಬ್ಬಳ ಪೆಟ್ಟು ಜೋರಾಗಿ ಇನ್ನೊಬ್ಬಳದು ಹಗುರಾದರೆ ಒಂದು ಮಗ್ಗುಲು ಕೆಳಗೆ ಉಳಿಯುತ್ತದೆ, ಇನ್ನೊಂದು ಮೇಲೇಳುತ್ತದೆ, ನವಿಲು ವಾಲುತ್ತದೆ. "ಬ್ಯಾಸರ ಇಟ್ಕೊಂಡು ಕುಂತ್ರ ಜಮಖಾನದಾಗ ಕಾಣಸ್ತದ್ರಿ" ಎಂದರು ಚಾಚಿ. ಹಾಸುಹೊಕ್ಕು ಎಂಬ ಮಾತನ್ನು ನಾನು ಎಷ್ಟೋ ಸಲ ಬರೆದಿದ್ದೇನೆ. ಅದು ಕಣ್ಣೆದುರು ನಡೆದದ್ದನ್ನು ಕಂಡದ್ದು ಅವತ್ತೇ.

ನಮ್ಮ ಮನೆಯಲ್ಲೂ ಒಂದು ಜಮಖಾನವಿತ್ತು. ಬೀಗರು ಬಂದರೆ, ಮಗುವಿಗೆ ಹೆಸರಿಡುವ ದಿನ, ಮನೆಯಲ್ಲಿ ಭಜನೆಯಿದ್ದರೆ ಅಟ್ಟದಿಂದ ಇಳಿಯುತ್ತಿತ್ತು. ಉಳಿದ ದಿನ ಅದರ ಮೇಲೆ ಕಾಲಿಟ್ಟರೆ ಅಜ್ಜಿ ಬೈಯುತ್ತಿದ್ದಳು. ಈಗ ಬಂದವರು ಸೋಫಾ ಮೇಲೆ ಕೂರುತ್ತಾರೆ. ನೆಲಕ್ಕೆ ಬೇಕಾದರೆ ಪ್ಲಾಸ್ಟಿಕ್ ಚಾಪೆ. ಯಂತ್ರದಲ್ಲಿ ನೇಯ್ದ ಅಗ್ಗದ ಜಮಖಾನವೂ ಪೇಟೆಯಲ್ಲಿ ಸಿಗುತ್ತದೆ. 2011ರಲ್ಲಿ ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಹೆಸರನ್ನು ಬೇರೆಯವರು ಕದಿಯದಂತೆ ಅದು ಕಾಯುತ್ತದೆ. ದಿನಗಟ್ಟಲೆ ಹಲಗೆಯ ಮೇಲೆ ಕೂತ ಬೆನ್ನಿಗೆ ತಕ್ಕ ಕೂಲಿ ಹುಟ್ಟಬೇಕಾದರೆ ನಮ್ಮಂಥವರ ಮನೆಗಳಲ್ಲಿ ಮತ್ತೆ ಜಮಖಾನ ಬಿಚ್ಚಬೇಕು. ಒಂದು ಕೊಂಡರೆ ಬಹುಕಾಲ ಬಾಳುತ್ತದೆ; ಬೆಲೆ ಕೇಳಿ ಹಿಂದೆಗೆಯುವ ಮುನ್ನ ಅದನ್ನೊಮ್ಮೆ ಕೈಯಲ್ಲಿ ಹಿಡಿದು ತೂಗಿ ನೋಡಿ.

ಈಗಲೂ ಮಗಳಿಗೆ ಕಲಿಸುವುದಿಲ್ಲವೇ ಎಂದು ಹೊರಡುವ ಮುಂಚೆ ಕೇಳಿದೆ. ಚಾಚಿ ಮೊದಲ ಸಲ ಪಂಜಾ ಕೆಳಗಿಟ್ಟರು. "ಯಾರ ಬಂದ್ರೂ ಕಲಸ್ತೀನ್ರಿ. ಮಗಳಾಗ್ಲಿ, ಮಂದಿ ಮಕ್ಕಳಾಗ್ಲಿ. ಬರೂದ ಯಾರು?" ಸೊಸೆ ಬೆಳಿಗ್ಗೆಯೇ ಹೊಲಿಗೆ ಕೆಲಸಕ್ಕೆ ಹೋಗಿದ್ದಳು.

ಮಗ್ಗದಲ್ಲಿ ಅಗಲದ ಜಮಖಾನವೇ ಏರಿತ್ತು, ಇಬ್ಬರದು. ಎಡಗಡೆ ಒಂದಿಷ್ಟು ನೇಯ್ದು, ಮೊಣಕಾಲು ಹಿಡಿದುಕೊಂಡು ಎದ್ದು, ಹಲಗೆಯ ಬಲತುದಿಗೆ ಸರಿದು ಕೂತರು. ಅಲ್ಲಿಯೂ ಅಷ್ಟೇ ಎಳೆ ಎಣಿಸಿ, ಅಷ್ಟೇ ಬಿಗಿಯಾಗಿ ಬಡಿಯತೊಡಗಿದರು.